ಮನೆಯಲ್ಲೇ ಹರಪ್ಪ ಕಲಿಸುವುದು ಹೇಗೆ? ಮಗನ ಮೂರು ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇರಲಿಲ್ಲ

ಎಂಟು ವರ್ಷದವನ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ 8 ವರ್ಷ. ಒಂದು ಚಿತ್ರಪುಸ್ತಕದಲ್ಲಿ ಸಿಂಧೂ ನದಿ ಕಡೆಯ ಹರಪ್ಪ ನಾಗರಿಕತೆಯ ನಗರ ಮೊಹೆಂಜೊದಾರೊದ ಬೀದಿ ನೋಡಿದಾಗಿನಿಂದ ಅವನಿಗೆ ಅದೇ ಗುಂಗು. ಸರಿ, ಮನೆಯಲ್ಲೇ ಸ್ವಲ್ಪ ಹೇಳಿಕೊಡೋಣ ಅಂತ ಕೂತೆ. ನನಗೆ ಶಾಲೆಯಲ್ಲಿ ಹೇಗೆ ಹೇಳಿಕೊಟ್ಟಿದ್ದರೋ ಹಾಗೇ ಶುರು ಮಾಡಿದೆ. ಕಾಲ ಇಂಥದ್ದು, ನದಿ ಇಂಥದ್ದು, ನಗರಗಳು ಇವು, ಅವನತಿಗೆ ಕಾರಣಗಳು ಇವು. ಹತ್ತು ನಿಮಿಷ ಆಗುವಷ್ಟರಲ್ಲಿ ಅವನ ಕಣ್ಣು ಕಿಟಕಿ ಕಡೆ ಹೋಯಿತು.

ನಾನು ಪುಸ್ತಕ ಮುಚ್ಚಿದ ಮೇಲೆ ಅವನೇ ಕೇಳಿದ, “ಅಮ್ಮಾ, ಅಲ್ಲಿ ರಾಜ ಯಾರು?” ಗೊತ್ತಿಲ್ಲ ಅಂದೆ. “ಅವರು ಯಾವ ಭಾಷೆ ಮಾತಾಡ್ತಿದ್ರು?” ಅದೂ ಗೊತ್ತಿಲ್ಲಪ್ಪ ಅಂದೆ. “ಅವರ ಊರಿಗೆ ಅವರೇ ಏನಂತ ಹೆಸರಿಟ್ಟಿದ್ರು?” ಇದಕ್ಕೂ ಉತ್ತರ ಇರಲಿಲ್ಲ. ಆಗ ಅವನು ಹೇಳಿದ್ದು ಮನಸ್ಸಿನಲ್ಲೇ ಉಳಿದುಬಿಟ್ಟಿದೆ. “ಹಾಗಾದ್ರೆ ಗೊತ್ತಿರೋದು ಏನು?”

ವಾರಕ್ಕೆ ಒಂದೆರಡು ಗಂಟೆ ಅವನ ಜೊತೆ ಕೂರಬಲ್ಲೆ. ದುಡ್ಡು ಕೊಟ್ಟು ಕಿಟ್ ತರಿಸುವ ಮನಸ್ಸಿಲ್ಲ. ಬಾಯಿಪಾಠವೂ ಬೇಡ. ನಿಮ್ಮಲ್ಲಿ ಯಾರಾದರೂ ಮಕ್ಕಳಿಗೆ ಇದನ್ನು ಕಲಿಸಿದ್ದರೆ ಎಲ್ಲಿಂದ ಶುರು ಮಾಡಿದಿರಿ ಅಂತ ಹೇಳ್ತೀರಾ?


ಹಳೇ ಮೇಷ್ಟ್ರು

ತಾಯಿ, ನಿಮ್ಮ ಮಗ ಕೇಳಿದ ಮೂರು ಪ್ರಶ್ನೆಗಳನ್ನು ದೊಡ್ಡ ದೊಡ್ಡ ವಿದ್ವಾಂಸರು ನೂರು ವರ್ಷದಿಂದ ಕೇಳುತ್ತಲೇ ಇದ್ದಾರೆ. ನೀವು ಗೊತ್ತಿಲ್ಲ ಅಂದದ್ದು ಸರಿಯಾದ ಉತ್ತರ. ಅಲ್ಲಿಂದಲೇ ಶುರು ಮಾಡಿ.

ನಾನು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ಮೊದಲ ಹತ್ತು ವರ್ಷ ನಾನೂ ಪಟ್ಟಿಯನ್ನೇ ಬರೆಸುತ್ತಿದ್ದೆ. ಆಮೇಲೆ ಒಂದು ಪದ್ಧತಿ ಹಿಡಿದೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ‘ಸಿಕ್ಕಿದ್ದು’ ಅಂತ ಬರೆಯಿರಿ. ಬಲಗಡೆ ‘ನಾವು ಅಂದುಕೊಂಡಿದ್ದು’. ಇಷ್ಟೇ. ಹರಪ್ಪದ ಬಗ್ಗೆ ಏನೇ ಓದಿದರೂ ಅದು ಯಾವ ಕಡೆ ಹೋಗುತ್ತದೆ ಅಂತ ಮಗುವೇ ತೀರ್ಮಾನ ಮಾಡಲಿ.

ಒಂದು ಉದಾಹರಣೆ ಕೊಡುತ್ತೇನೆ. ಮೊಹೆಂಜೊದಾರೊದಲ್ಲಿ ಒಂದು ಚಿಕ್ಕ ಕಲ್ಲಿನ ಮೂರ್ತಿ ಸಿಕ್ಕಿತು. ಎತ್ತರ 17.5 ಸೆಂಟಿಮೀಟರ್. ಗಡ್ಡ ಇದೆ, ಹಣೆಗೆ ಒಂದು ಪಟ್ಟಿ ಇದೆ, ಎಡ ಹೆಗಲ ಮೇಲೆ ಮೂರು ಎಸಳಿನ ಚಿತ್ತಾರದ ಹೊದಿಕೆ ಇದೆ, ಕಣ್ಣು ಅರ್ಧ ಮುಚ್ಚಿದೆ. ಎಡಗಡೆ ಬರೆಯಬಹುದಾದದ್ದು ಇಷ್ಟು. ಎಲ್ಲ ಪುಸ್ತಕದಲ್ಲೂ ಇದಕ್ಕೆ ‘ಪುರೋಹಿತ ರಾಜ’ ಅಂತ ಹೆಸರು. ಅವನು ಪುರೋಹಿತ ಅಂತ ಯಾರು ಹೇಳಿದರು? ರಾಜ ಅಂತ ಯಾರು ಹೇಳಿದರು? ಮೂರ್ತಿ ಹೇಳಲಿಲ್ಲ. ಅಗೆದವರು ಇಟ್ಟ ಹೆಸರು ಅದು. ಬಲಗಡೆಗೆ ಹೋಗಬೇಕು.

ಹಾಗೇ ‘ಮೊಹೆಂಜೊದಾರೊ’ ಅನ್ನೋ ಹೆಸರು. ಸಿಂಧಿ ಭಾಷೆಯಲ್ಲಿ ಸತ್ತವರ ದಿಬ್ಬ ಅಂತ ಅರ್ಥ. ಅಲ್ಲಿ ಬದುಕಿದ್ದವರು ತಮ್ಮ ಊರಿಗೆ ಆ ಹೆಸರು ಇಟ್ಟಿರಲು ಸಾಧ್ಯವೇ? ಇದನ್ನು ಹೇಳಿದರೆ ನಿಮ್ಮ ಮಗನ ಮೂರನೇ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ರಾಜನ ಪ್ರಶ್ನೆಗೂ ಎಡಗಡೆ ಬರೆಯಲು ಬೇಕಾದಷ್ಟಿದೆ. ಈಜಿಪ್ಟಿನಲ್ಲಿ ಸಿಕ್ಕ ಹಾಗೆ ರಾಜನ ದೊಡ್ಡ ಗೋರಿ ಇಲ್ಲಿ ಸಿಕ್ಕಿಲ್ಲ. ಇದು ಅರಮನೆಯೇ ಅಂತ ಎಲ್ಲರೂ ಒಪ್ಪುವ ಕಟ್ಟಡವೂ ಸಿಕ್ಕಿಲ್ಲ. ಆದರೆ ನೂರಾರು ಮೈಲಿ ದೂರದ ಊರುಗಳಲ್ಲಿ ಒಂದೇ ಅಳತೆಯ ಇಟ್ಟಿಗೆ, ಒಂದೇ ತೂಕದ ಕಲ್ಲು ಸಿಕ್ಕಿವೆ. ರಾಜನ ಗುರುತು ಇಲ್ಲದೆ ಇಷ್ಟೊಂದು ಶಿಸ್ತು ಹೇಗೆ ಬಂತು? ಈ ಪ್ರಶ್ನೆಯನ್ನು ಮಗುವಿನ ಕೈಗೆ ಕೊಟ್ಟು ನೋಡಿ.


ಲೆಕ್ಕದ ಅಪ್ಪ

ಮೇಷ್ಟ್ರು ಇಟ್ಟಿಗೆ ಮತ್ತು ತೂಕದ ಮಾತು ತೆಗೆದರು. ನಾನು ಮಗಳಿಗೆ ಅಲ್ಲಿಂದಲೇ ಶುರು ಮಾಡಿದ್ದು. ಅವಳಿಗೆ ಆಗ 9.

ಮೊದಲು ಇಟ್ಟಿಗೆ. ಹರಪ್ಪದ ಇಟ್ಟಿಗೆಯ ಎತ್ತರ, ಅಗಲ, ಉದ್ದ 1:2:4 ಅನುಪಾತದಲ್ಲಿ ಇರುತ್ತದೆ. ಮನೆಗೆ ಬಳಸುತ್ತಿದ್ದದ್ದು ಸುಮಾರು 7, 14, 28 ಸೆಂಟಿಮೀಟರ್. ಕೋಟೆ ಗೋಡೆಗೆ ಸುಮಾರು 10, 20, 40. ಸೈಜು ಬೇರೆ ಆದರೂ ಅನುಪಾತ ಅದೇ. ನಾವು ಇದನ್ನು ಸಣ್ಣದು ಮಾಡಿ 1, 2, 4 ಸೆಂಟಿಮೀಟರಿನ ಇಟ್ಟಿಗೆ ಮಾಡಿದೆವು. ದಪ್ಪ ರಟ್ಟಿನಲ್ಲಿ ಒಂದು ಅಚ್ಚು, ಅದಕ್ಕೆ ಜೇಡಿಮಣ್ಣು. ಒಂದು ಮಧ್ಯಾಹ್ನಕ್ಕೆ ಅರುವತ್ತು ಇಟ್ಟಿಗೆ ಆಯಿತು. ಎರಡು ದಿನ ನೆರಳಲ್ಲಿ ಒಣಗಿಸಿದೆವು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತೆ.

ಆಮೇಲೆ ಗೋಡೆ ಕಟ್ಟಲು ಹೇಳಿದೆ. ಅವಳು ಎಲ್ಲ ಇಟ್ಟಿಗೆಯನ್ನೂ ಒಂದೇ ದಿಕ್ಕಿಗೆ, ಒಂದರ ನೆತ್ತಿಯ ಮೇಲೆ ಒಂದು ಇಟ್ಟಳು. ಬೆರಳು ತಾಗಿದ್ದೇ ತಡ, ಕಂಬ ಕಂಬವಾಗಿ ಬಿತ್ತು. ಒಂದು ವರಸೆ ಉದ್ದಕ್ಕೆ, ಮೇಲಿನ ವರಸೆ ಅಡ್ಡಕ್ಕೆ ಇಡು ಅಂದೆ. ಉದ್ದ ಅಗಲದ ಎರಡರಷ್ಟು ಇರುವುದರಿಂದ ಎರಡು ಅಡ್ಡ ಇಟ್ಟಿಗೆ ಸೇರಿದರೆ ಒಂದು ಉದ್ದ ಇಟ್ಟಿಗೆಗೆ ಸರಿಯಾಗಿ ಕೂರುತ್ತದೆ. ಸಂದಿನ ಮೇಲೆ ಸಂದು ಬರುವುದಿಲ್ಲ. ಈ ಸಲ ಗೋಡೆ ನಿಂತಿತು. ಅವಳು ಮೆಲ್ಲಗೆ ಊದಿದಳು, ಆಮೇಲೆ ಜೋರಾಗಿ ಊದಿದಳು. ನಿಂತೇ ಇತ್ತು. “ಅದಕ್ಕೇ ಎಲ್ಲ ಊರಲ್ಲೂ ಹೀಗೇ ಮಾಡಿದ್ರಾ?” ಅಂದಳು. ನಾನು ಅನುಪಾತ ಅನ್ನೋ ಪದ ಹೇಳಿದ್ದು ಇದಾದ ಮೇಲೆ.

ಎರಡನೆಯದು ತೂಕ. ಹರಪ್ಪದ ತೂಕದ ಕಲ್ಲುಗಳು ನುಣುಪಾದ ಚಿಕ್ಕ ಘನಗಳು. ಚರ್ಟ್ ಅನ್ನೋ ಗಟ್ಟಿ ಕಲ್ಲಿನವು. ಅವುಗಳ ಸರಣಿ 1, 2, 4, 8, 16, 32, 64 ಅಂತ ಪ್ರತಿ ಸಲ ಎರಡರಷ್ಟಾಗುತ್ತದೆ. ಅತಿ ಹೆಚ್ಚು ಸಿಕ್ಕಿರುವುದು ಮೊದಲನೆಯದರ 16ರಷ್ಟು ತೂಗುವ ಕಲ್ಲು, ಸುಮಾರು 13.7 ಗ್ರಾಂ. ನಾವು 10, 20, 40, 80 ಗ್ರಾಂ ಮರಳಿನ ನಾಲ್ಕು ಪೊಟ್ಟಣ ಕಟ್ಟಿದೆವು. ಬಟ್ಟೆ ಹ್ಯಾಂಗರಿನ ಎರಡು ತುದಿಗೆ ಎರಡು ಡಬ್ಬಿ ತೂಗುಬಿಟ್ಟು ತಕ್ಕಡಿ ಮಾಡಿದೆವು. ಈ ನಾಲ್ಕೇ ಪೊಟ್ಟಣದಲ್ಲಿ ಹತ್ತರಿಂದ ಹಿಡಿದು 150 ಗ್ರಾಂವರೆಗೆ ಹತ್ತು ಹತ್ತರ ಲೆಕ್ಕದಲ್ಲಿ ಏನು ಬೇಕಾದರೂ ತೂಗಬಹುದು. 70 ಬೇಕಾ? 40, 20, 10. 110 ಬೇಕಾ? 80, 20, 10. ಅವಳು ಒಂದು ಗಂಟೆ ಕೂತು ಎಲ್ಲವನ್ನೂ ಪರೀಕ್ಷೆ ಮಾಡಿದಳು. ಕಂಪ್ಯೂಟರ್ ಒಳಗೆ ಲೆಕ್ಕ ಹಾಕುವುದೂ ಇದೇ ಎರಡರ ಸರಣಿಯಲ್ಲಿ ಅಂದಾಗ ಅವಳ ಮುಖ ನೋಡಬೇಕಿತ್ತು.


ಚಿಕ್ಕಮ್ಮ

ತೂಕಕ್ಕೆ ಗುಲಗಂಜಿ ಬಳಸಬಹುದಲ್ವಾ? ನಮ್ಮ ಅಜ್ಜಿ ಚಿನ್ನ ತೂಗಲು ಅದನ್ನೇ ಬಳಸುತ್ತಿದ್ದರಂತೆ.


ಹಳೇ ಮೇಷ್ಟ್ರು

ಬೇಡಮ್ಮ, ದಯವಿಟ್ಟು ಬೇಡ. ಗುಲಗಂಜಿ ಕಾಳು ಜಗಿದರೆ ವಿಷ. ಜೀವಕ್ಕೇ ಅಪಾಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದು ಕೈಗೆ ಸಿಗುವ ಹಾಗೆ ಇರಲೇಬಾರದು. ಬಾಯಲ್ಲಿ ಹೇಳಿ ಸಾಕು. ಒಂದು ಗುಲಗಂಜಿ ಸುಮಾರು 0.11 ಗ್ರಾಂ. ಎಂಟು ಕಾಳು ಸೇರಿದರೆ ಹರಪ್ಪದ ಸರಣಿಯ ಮೊದಲ ತೂಕದ ಹತ್ತಿರ ಬರುತ್ತದೆ.


ಮಣ್ಣಿನ ಕೈ

ನಾನು ಮಕ್ಕಳಿಗೆ ಜೇಡಿಮಣ್ಣಿನ ಕೆಲಸ ಹೇಳಿಕೊಡುವವಳು. ನನ್ನ ಮಟ್ಟಿಗೆ ಹರಪ್ಪ ಅಂದರೆ ಮುದ್ರೆ, ಹಸಿ ಮಣ್ಣಿಗೆ ಒತ್ತುವ ಕೆತ್ತಿದ ಅಚ್ಚು. ಮಗುವಿನ ಜೊತೆ ಒಂದೇ ಒಂದು ಕೆಲಸ ಮಾಡಲು ಟೈಮಿದ್ದರೆ ಇದನ್ನೇ ಮಾಡಿ.

ಅಸಲಿ ಮುದ್ರೆ ತುಂಬ ಚಿಕ್ಕದು. ಹೆಚ್ಚಿನವು ಎರಡು ಮೂರು ಸೆಂಟಿಮೀಟರಿನ ಚೌಕ. ಪುಸ್ತಕದಲ್ಲಿ ಇಡೀ ಪುಟಕ್ಕೆ ಹಿಗ್ಗಿಸಿ ಹಾಕಿರುತ್ತಾರೆ, ಮಕ್ಕಳು ಅದನ್ನು ಗೋಡೆಯ ಕೆತ್ತನೆ ಅಂದುಕೊಳ್ಳುತ್ತಾರೆ. ಮೊದಲು ಒಂದು ಕಾಗದದಲ್ಲಿ 2.5 ಸೆಂಟಿಮೀಟರಿನ ಚೌಕ ಕತ್ತರಿಸಿ ಅಂಗೈ ಮೇಲೆ ಇಡಿ. ಇಷ್ಟು ಜಾಗದಲ್ಲಿ ಒಂದು ಪ್ರಾಣಿ, ಅದರ ಮುಂದೆ ಒಂದು ಕಂಬದಂಥ ವಸ್ತು, ಮೇಲೆ ಒಂದು ಸಾಲು ಚಿಹ್ನೆ. ಎಲ್ಲವೂ ಅಷ್ಟರಲ್ಲೇ.

ಅವರು ಬಳಸಿದ್ದು ನಾವು ಬಳಪದ ಕಲ್ಲು ಅನ್ನುತ್ತೇವಲ್ಲ, ಅದು. ಕೆತ್ತುವಾಗ ಮೆತ್ತಗಿರುತ್ತದೆ. ಕೆತ್ತಿದ ಮೇಲೆ ಗೂಡಿನಲ್ಲಿ ಸುಟ್ಟರೆ ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಹಿಂಬದಿಗೆ ತೂತಿರುವ ಒಂದು ಗುಬ್ಬಿ ಬಿಡುತ್ತಿದ್ದರು, ದಾರ ಪೋಣಿಸಿಕೊಳ್ಳಲು. ಮನೆಯಲ್ಲಿ ಸೋಪು ಸಾಕು. ಹೊಸ ಸೋಪಿಗಿಂತ ನಾಲ್ಕು ದಿನ ಗಾಳಿಗಿಟ್ಟ ಸೋಪು ಒಳ್ಳೆಯದು, ಚೂರು ಏಳುವುದಿಲ್ಲ. ಹಲ್ಲುಕಡ್ಡಿಯಲ್ಲಿ ಕೆತ್ತಬಹುದು. ಮಗುವಿಗೆ ಇಷ್ಟವಾದ ಪ್ರಾಣಿ, ಅದರ ಮೇಲೆ ಅದರ ಹೆಸರು.

ಇಲ್ಲಿ ಒಂದು ವಿಷಯ ಮೊದಲೇ ಹೇಳಬೇಡಿ. ಮಗು ತನ್ನ ಹೆಸರನ್ನು ನೇರವಾಗಿ ಕೆತ್ತಲಿ. ಅದನ್ನು ಮೆತ್ತನೆ ಮಣ್ಣಿನ ಮೇಲೆ ಒತ್ತಲಿ. ಆಮೇಲೆ ಏನಾಗುತ್ತೆ ಅಂತ ಅವರೇ ನೋಡಲಿ.


ಎಂಟು ವರ್ಷದವನ ಅಮ್ಮ

ಮಣ್ಣಿನ ಕೈ ಅವರೇ, ನಿನ್ನೆ ಸಂಜೆ ಮಾಡಿದೆವು! ಅವನು ನಾಲಿಗೆ ಕಚ್ಚಿಕೊಂಡು ಮುಕ್ಕಾಲು ಗಂಟೆ ಕೆತ್ತಿದ. ಒಂದು ಗೂಳಿ, ಮೇಲೆ ಅವನ ಹೆಸರಿನ ಮೂರು ಅಕ್ಷರ. ಮಣ್ಣಿಗೆ ಒತ್ತಿ ಎತ್ತಿದಾಗ ಗೂಳಿ ಚೆನ್ನಾಗಿ ಮೂಡಿತ್ತು. ಅಕ್ಷರ ಉಲ್ಟಾ. ಅಷ್ಟೇ ಅಲ್ಲ, ಕೊನೆ ಅಕ್ಷರ ಮೊದಲಿಗೆ ಬಂದಿತ್ತು. ಒಂದು ಕ್ಷಣ ಅಳು ಬರುವ ಹಾಗಾಯಿತು ಅವನಿಗೆ. ಆಮೇಲೆ ಮುದ್ರೆಯನ್ನೂ ಮಣ್ಣನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾ ಕೂತ. “ಅಮ್ಮಾ, ಅವರೂ ಎಲ್ಲಾ ಉಲ್ಟಾ ಕೆತ್ತಬೇಕಿತ್ತಾ? ಇಷ್ಟು ಚಿಕ್ಕದರಲ್ಲಾ?”

ಇನ್ನೊಂದು ಸೋಪು ಕೊಟ್ಟೆ. ಈ ಸಲ ಕನ್ನಡಿ ಮುಂದೆ ಕೂತು ಕೆತ್ತಿದ. ಸರಿಯಾಗಿ ಬಂತು. ಎರಡೂ ಸೋಪನ್ನು ಜೋಪಾನವಾಗಿ ಎತ್ತಿಟ್ಟಿದ್ದಾನೆ.

ಈಗ ಅವನ ಪ್ರಶ್ನೆ, ಹರಪ್ಪದವರು ಎಡದಿಂದ ಬರೆಯುತ್ತಿದ್ದರಾ ಬಲದಿಂದಲಾ? ಓದಲು ಬರದೆ ಅದನ್ನು ಹೇಗೆ ಹೇಳುತ್ತಾರೆ?


ಹಳೇ ಮೇಷ್ಟ್ರು

ಎಂಥಾ ಪ್ರಶ್ನೆ! ಹೆಚ್ಚಾಗಿ ಬಲದಿಂದ ಎಡಕ್ಕೆ. ಓದಲು ಬರದಿದ್ದರೂ ಇದನ್ನು ಹೇಳಬಹುದು. ಒತ್ತಿದ ಗುರುತು ನೋಡಿದರೆ ಕೆಲವು ಕಡೆ ಬಲಗಡೆ ಚಿಹ್ನೆಗಳು ಆರಾಮಾಗಿ ಕೂತಿರುತ್ತವೆ, ಎಡ ತುದಿಗೆ ಬಂದಾಗ ಜಾಗ ಸಾಲದೆ ಇಕ್ಕಟ್ಟಾಗಿರುತ್ತವೆ. ನಾವು ಪೋಸ್ಟ್‌ಕಾರ್ಡಿನ ಕೊನೆ ಸಾಲಿನಲ್ಲಿ ಅಕ್ಷರ ತುರುಕುತ್ತೇವಲ್ಲ, ಹಾಗೆ. ಇನ್ನೊಂದು ಸುಳಿವು ರಾಜಸ್ಥಾನದ ಹರಪ್ಪ ಕಾಲದ ಊರು ಕಾಳಿಬಂಗನ್‌ನ ಒಂದು ಮಡಕೆ ಚೂರಿನದು. ಹಸಿ ಗೀರಿನ ಮೇಲೆ ಇನ್ನೊಂದು ಗೀರು ಹಾದಾಗ ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗುತ್ತದೆ. ಪುರಾತತ್ವಜ್ಞ ಬಿ. ಬಿ. ಲಾಲ್ ಅದನ್ನು ಹಿಡಿದು ತೋರಿಸಿದರು. ಹಸಿ ಮಣ್ಣಿನ ಮೇಲೆ ಕಡ್ಡಿಯಲ್ಲಿ ನೀವು ಒಂದು ಪದ ಬರೆಯಿರಿ, ಯಾವ ಗೆರೆ ಮೊದಲು ಎಳೆದದ್ದು ಅಂತ ಅವನು ಪತ್ತೆ ಮಾಡಲಿ.

ಲಿಪಿ ತಜ್ಞ ಐರಾವತಂ ಮಹಾದೇವನ್ ಅವರು 1977ರಲ್ಲಿ ಮಾಡಿದ ಪಟ್ಟಿಯಲ್ಲಿ 417 ಚಿಹ್ನೆಗಳಿವೆ. ನಮ್ಮ ವರ್ಣಮಾಲೆ ಐವತ್ತರ ಆಸುಪಾಸು. ಹಾಗಾಗಿ ಅದು ನಮ್ಮ ಹಾಗೆ ಬರೀ ಅಕ್ಷರದ ಲಿಪಿ ಇರಲಾರದು. ಒಂದು ಬರಹದಲ್ಲಿ ಸರಾಸರಿ ಐದೇ ಚಿಹ್ನೆ. ಇಷ್ಟು ಕಡಿಮೆ ಇರುವುದೇ ದೊಡ್ಡ ಕಷ್ಟ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಇದನ್ನು ಓದಿದವರಿಗೆ 10 ಲಕ್ಷ ಡಾಲರ್ ಬಹುಮಾನ ಘೋಷಿಸಿತು. ಈ ಮಾತನ್ನು ಮಗನಿಗೆ ಹೇಳಿ. ಇನ್ನೂ ಯಾರೂ ಬಿಡಿಸದ ಒಗಟು ಇದೆ ಅಂದರೆ ಮಕ್ಕಳಿಗೆ ಹುರುಪು.


ಮಣ್ಣಿನ ಕೈ

ಮುದ್ರೆ ಆಯಿತಲ್ಲ, ಅದನ್ನು ಹಾಗೇ ಬಿಡಬೇಡಿ. ಅದರಿಂದ ಏನು ಮಾಡುತ್ತಿದ್ದರು ಅಂತಲೂ ಆಡಿ ನೋಡಿ. ಗುಜರಾತಿನ ಹರಪ್ಪ ಕಾಲದ ಊರು ಲೋಥಾಲ್‌ನಲ್ಲಿ ಮುದ್ರೆ ಒತ್ತಿದ ಮಣ್ಣಿನ ಉಂಡೆಗಳು ಸಿಕ್ಕಿವೆ. ಅವುಗಳ ಬೆನ್ನ ಮೇಲೆ ಬಟ್ಟೆ, ಚಾಪೆ, ಹಗ್ಗದ ಗುರುತು ಇದೆ. ಅಂದರೆ ಸರಕಿನ ಮೂಟೆ ಕಟ್ಟಿ, ಗಂಟಿನ ಮೇಲೆ ಹಸಿ ಮಣ್ಣು ಮೆತ್ತಿ, ಮುದ್ರೆ ಒತ್ತಿದ್ದರು.

ಒಂದು ಬಟ್ಟೆಯಲ್ಲಿ ಆಟಿಕೆ ಕಟ್ಟಿ. ದಾರದ ಗಂಟಿಗೆ ಮಣ್ಣು ಮೆತ್ತಿ. ಮಗು ತನ್ನ ಮುದ್ರೆ ಒತ್ತಲಿ. ಮನೆಯಲ್ಲಿ ತಂಗಿಯೋ ತಮ್ಮನೋ ಇದ್ದರೆ ಇನ್ನೂ ಒಳ್ಳೆಯದು. ಯಾರಾದರೂ ಬಿಚ್ಚಿದರೆ ಮುದ್ರೆ ಒಡೆಯುತ್ತೆ, ಗೊತ್ತಾಗುತ್ತೆ. ಆಮೇಲೆ ಒಣಗಿದ ಮಣ್ಣನ್ನು ನಿಧಾನ ಬಿಡಿಸಿ ತಿರುಗಿಸಿ ನೋಡಿ. ಬಟ್ಟೆಯ ನೇಯ್ಗೆ ಅಚ್ಚೊತ್ತಿದ ಹಾಗೆ ಕಾಣುತ್ತದೆ. ಬಟ್ಟೆ ಕೊಳೆತು ಸಾವಿರಾರು ವರ್ಷ ಆದ ಮೇಲೂ ಅದು ಇತ್ತು ಅಂತ ಹೇಳುವುದು ಈ ಗುರುತೇ.

ಆಟದ ಸಾಮಾನೂ ಮಾಡಿಸಿ. ಸುಟ್ಟ ಮಣ್ಣಿನ ಗಾಡಿ, ಹಕ್ಕಿ ಆಕಾರದ ಪೀಪಿ, ದಾರ ಎಳೆದರೆ ತಲೆ ಆಡಿಸುವ ಎತ್ತು, ಎಲ್ಲವೂ ಅಲ್ಲಿ ಸಿಕ್ಕಿವೆ. ದಾಳವೂ ಇತ್ತು. ನಮ್ಮ ದಾಳದಲ್ಲಿ ಎದುರು ಬದಿಗಳನ್ನು ಕೂಡಿದರೆ 7 ಬರುತ್ತದೆ. ಅವರ ದಾಳದಲ್ಲಿ ಸಾಮಾನ್ಯವಾಗಿ ಒಂದರ ಎದುರು ಎರಡು, ಮೂರರ ಎದುರು ನಾಲ್ಕು, ಐದರ ಎದುರು ಆರು. ನನ್ನ ಹತ್ತಿರ ಬರುವ ಮಕ್ಕಳಿಗೆ ಇದನ್ನು ಹೇಳದೆ ಎರಡೂ ದಾಳ ಕೈಗೆ ಕೊಡುತ್ತೇನೆ. ವ್ಯತ್ಯಾಸ ಅವರೇ ಹುಡುಕುತ್ತಾರೆ.


ಅರ್ಜೆಂಟಿಲ್ಲದ ಅಪ್ಪ

ನನಗೆ ಕಷ್ಟ ಆಗಿದ್ದು ಕಾಲದ ಅಂದಾಜು. 4,600 ವರ್ಷ ಹಿಂದೆ ಅಂದರೂ ಅಜ್ಜನ ಕಾಲ ಅಂದರೂ ಮಗಳಿಗೆ ಒಂದೇ. ಕೊನೆಗೆ ಒಂದು ಹಗ್ಗ ತಂದೆ. 1 ಸೆಂಟಿಮೀಟರ್ ಅಂದರೆ 10 ವರ್ಷ. ಈ ಲೆಕ್ಕದಲ್ಲಿ ಅವಳ ಇಡೀ ಜೀವನ ಒಂದು ಸೆಂಟಿಮೀಟರೂ ಇಲ್ಲ. ವಿಜಯನಗರ ಶುರುವಾದ 1336 ಬರುವುದು 69 ಸೆಂಟಿಮೀಟರಿಗೆ. ಹಲ್ಮಿಡಿ ಶಾಸನ ಸುಮಾರು 1 ಮೀಟರ್ 57ಕ್ಕೆ. ಅಶೋಕ 2 ಮೀಟರ್ 30ರ ಹತ್ತಿರ. ಅಲ್ಲಿಗೆ ಅವಳು “ಬಂತಾ ಹರಪ್ಪ?” ಅಂತ ಕೇಳಿದಳು. ಇಲ್ಲ. ಹಗ್ಗ ಹಾಲ್ ದಾಟಿ ಬಾಗಿಲ ಹತ್ತಿರ ಹೋಗಬೇಕಾಯಿತು. ನಗರಗಳು ಬಾಳಿದ ಕಾಲ ಕ್ರಿ.ಪೂ. 2600ರಿಂದ 1900. ಹಗ್ಗದ ಮೇಲೆ 3 ಮೀಟರ್ 90ರಿಂದ 4 ಮೀಟರ್ 60ರವರೆಗೆ. ಆ ಭಾಗಕ್ಕೆ ಕೆಂಪು ದಾರ ಸುತ್ತಿದೆವು.

ನನಗೇ ಮೈ ಜುಮ್ ಅಂದದ್ದು ಆಮೇಲೆ. ಕೆಂಪು ಭಾಗದ ಉದ್ದ 70 ಸೆಂಟಿಮೀಟರ್. ವಿಜಯನಗರದಿಂದ ನಮ್ಮವರೆಗಿನ ಉದ್ದ 69. ಹೆಚ್ಚು ಕಡಿಮೆ ಒಂದೇ! ಹಕ್ಕಬುಕ್ಕರಿಂದ ಇವತ್ತಿನ ತನಕ ಎಷ್ಟು ತಲೆಮಾರು ಕಳೆಯಿತೋ ಅಷ್ಟು ತಲೆಮಾರು ಆ ಜನ ಅದೇ ಇಟ್ಟಿಗೆ ಅಳತೆ, ಅದೇ ತೂಕ ಇಟ್ಟುಕೊಂಡು ಬದುಕಿದ್ದರು. ಪುಸ್ತಕದಲ್ಲಿ ಇಸವಿ ಓದಿದಾಗ ಇದು ಯಾವತ್ತೂ ಹೊಳೆದಿರಲಿಲ್ಲ.


ನೇರ ಮಾತು

ಎಲ್ಲ ಚೆನ್ನಾಗಿದೆ. ಆದರೆ ಒಂದು ವಿಷಯ ಒಪ್ಪಲು ಆಗುತ್ತಿಲ್ಲ. ಮಕ್ಕಳಿಗೆ ನಮ್ಮ ಪೂರ್ವಜರ ಬಗ್ಗೆ ಹೆಮ್ಮೆ ಬರಬೇಕು. ಪ್ರತಿ ಮಾತಿಗೂ ‘ಗೊತ್ತಿಲ್ಲ’, ‘ಅಂದುಕೊಂಡಿದ್ದು’ ಅಂತ ಹೇಳುತ್ತಾ ಹೋದರೆ ಅವರಿಗೆ ಗೊಂದಲ ಜಾಸ್ತಿ ಆಗುವುದಿಲ್ಲವೇ? ಪರೀಕ್ಷೆಯಲ್ಲಿ ಗೊತ್ತಿಲ್ಲ ಅಂತ ಬರೆದರೆ ಅಂಕ ಕೊಡುತ್ತಾರಾ?


ಹಳೇ ಮೇಷ್ಟ್ರು

ನಿಮ್ಮ ಕಾಳಜಿ ಅರ್ಥವಾಗುತ್ತದೆ. ಹೆಮ್ಮೆ ಬೇಕು, ನನಗೂ ಇದೆ. ಆದರೆ ಹೆಮ್ಮೆಗೆ ಬೇಕಾದದ್ದೆಲ್ಲ ಎಡಗಡೆ ಸಾಲಿನಲ್ಲೇ ಇದೆ. ಮೊಹೆಂಜೊದಾರೊದಲ್ಲಿ 700ರಷ್ಟು ಬಾವಿ ಇದ್ದಿರಬೇಕು ಅಂತ ಅಂದಾಜು. ಬೀದಿಯಲ್ಲಿ ಮುಚ್ಚಿದ ಚರಂಡಿ, ಎಷ್ಟೋ ಮನೆಗಳಲ್ಲಿ ಬಚ್ಚಲು. 12 ಮೀಟರ್ ಉದ್ದ, 7 ಮೀಟರ್ ಅಗಲದ ದೊಡ್ಡ ಕೊಳ, ನೀರು ಸೋರದಂತೆ ಅದಕ್ಕೆ ಟಾರಿನಂಥ ಕಲ್ಲರಗಿನ ಲೇಪ. ಈಗಿನ ಇರಾಕಿನ ಊರ್ ನಗರದ ರಾಜಮನೆತನದ ಗೋರಿಗಳಲ್ಲಿ ಸಿಂಧೂ ಕಡೆಯ ಕೆಂಪು ಮಣಿಗಳು ಸಿಕ್ಕಿವೆ. ಉದ್ದನೆಯ ಒಂದು ಮಣಿಗೆ ತೂತು ಕೊರೆಯಲು ದಿನಗಟ್ಟಲೆ ಬೇಕು. ಕೊರೆದವನ ತಾಳ್ಮೆ ನೆನೆಸಿಕೊಳ್ಳಿ. ಇದರಲ್ಲಿ ಯಾವುದನ್ನೂ ಹಿಗ್ಗಿಸಿ ಹೇಳಬೇಕಾಗಿಲ್ಲ.

ಹಿಗ್ಗಿಸಿದರೆ ಏನಾಗುತ್ತದೆ ಅಂತ ನಾನೇ ನೋಡಿದ್ದೇನೆ. ನಾನು ಓದುವಾಗ ನಮ್ಮ ಗೈಡಿನಲ್ಲಿ ಹರಪ್ಪ ನಾಶವಾದದ್ದು ದಾಳಿಯಿಂದ, ಬೀದಿಯಲ್ಲಿ ಹೆಣ ಬಿದ್ದಿದ್ದವು ಅಂತ ಇತ್ತು. ನಾನೂ ಅದನ್ನೇ ಬಾಯಿಪಾಠ ಮಾಡಿ, ನನ್ನ ಮಕ್ಕಳಿಗೆ ಅದನ್ನೇ ಹೇಳಿದೆ. ಅದು ಮಾರ್ಟಿಮರ್ ವ್ಹೀಲರ್ ಎಂಬ ದೊಡ್ಡ ಪುರಾತತ್ವಜ್ಞರು 1940ರ ದಶಕದಲ್ಲಿ ಹೇಳಿದ ಮಾತು. 1964ರಲ್ಲೇ ಜಾರ್ಜ್ ಡೇಲ್ಸ್ ಅದನ್ನು ಪ್ರಶ್ನಿಸಿ ಬರೆದರು. ಆ ಎಲುಬುಗಳೆಲ್ಲ ಒಂದೇ ದಿನ ಸತ್ತವರದ್ದಲ್ಲ. ಊರು ಸುಟ್ಟ ಕುರುಹೂ ಅಲ್ಲಿಲ್ಲ. ಈಗ ಹೆಚ್ಚಿನವರು ಹೇಳುವುದು ಮಳೆ ಕಡಿಮೆಯಾಯಿತು, ನದಿ ದಾರಿ ಬದಲಿಸಿತು, ದೂರದ ವ್ಯಾಪಾರ ನಿಂತಿತು, ಜನ ಊರು ಬಿಟ್ಟು ಚಿಕ್ಕ ಹಳ್ಳಿಗಳಿಗೆ ಹರಡಿದರು ಅಂತ. ಎಲುಬು ಎಡಗಡೆ, ದಾಳಿ ಬಲಗಡೆ ಅಂತ ಆಗಲೇ ಬರೆದಿದ್ದರೆ ಇಷ್ಟು ಮಕ್ಕಳಿಗೆ ತಪ್ಪು ಹೇಳುತ್ತಿರಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಪರೀಕ್ಷೆಗೆ ಏನು ಬರೆಯಬೇಕೋ ಬರೆಯಲಿ. ಮನೆಯಲ್ಲಿ ಪರೀಕ್ಷೆ ಇಲ್ಲವಲ್ಲ.


ನೇರ ಮಾತು

ಬೀದಿಯ ಹೆಣದ ಕಥೆಯನ್ನು ನಾನೂ ಕಳೆದ ವಾರವಷ್ಟೇ ಮಗನಿಗೆ ಹೇಳಿದ್ದೆ. ತಿದ್ದಿಕೊಳ್ಳುತ್ತೇನೆ ಮೇಷ್ಟ್ರೇ. ಭಾಷೆಯ ವಿಷಯ? ತಮಿಳಿನ ಕಡೆಯದು ಅಂತ ಒಬ್ಬರು, ಸಂಸ್ಕೃತ ಅಂತ ಇನ್ನೊಬ್ಬರು ಹೇಳುತ್ತಾರೆ. ಮಗ ಕೇಳಿದರೆ?


ಹಳೇ ಮೇಷ್ಟ್ರು

ಎರಡನ್ನೂ ಹೇಳಿ. ದ್ರಾವಿಡ ಮೂಲದ್ದು ಅಂತ ಐರಾವತಂ ಮಹಾದೇವನ್, ಫಿನ್ಲೆಂಡಿನ ವಿದ್ವಾಂಸ ಆಸ್ಕೊ ಪರ್ಪೋಲರಂಥವರು ವಾದಿಸಿದ್ದಾರೆ, ಬೇರೆ ಥರ ಹೇಳುವವರೂ ಇದ್ದಾರೆ. ಯಾರ ಓದನ್ನೂ ಎಲ್ಲರೂ ಒಪ್ಪಿಲ್ಲ. ಜೊತೆಗೆ ಒಂದು ಚಂದದ ಸಂಗತಿ ಹೇಳಿ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಈಗಿನ ಇರಾಕಿನ ಕಡೆಯ ಮೆಸೊಪೊಟೇಮಿಯದ ಒಂದು ಉರುಳೆ ಮುದ್ರೆ, ಅಂದರೆ ಮಣ್ಣಿನ ಮೇಲೆ ಉರುಳಿಸಿ ಒತ್ತುವ ಮುದ್ರೆ ಇದೆ. ಅದರ ಒಡೆಯನ ಹೆಸರು ಶು-ಇಲಿಶು. ಅವನ ಕೆಲಸ, ಮೆಲುಹ್ಹ ಭಾಷೆಯ ದುಭಾಷಿ. ಮೆಲುಹ್ಹ ಅಂದರೆ ಸಿಂಧೂ ಕಡೆಯ ನಾಡು ಅಂತ ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಅಂದರೆ ನಿಮ್ಮ ಮಗ ಕೇಳುವ ಭಾಷೆಯನ್ನು ಬಲ್ಲ ಒಬ್ಬ ಮನುಷ್ಯನ ಹೆಸರು, ಉದ್ಯೋಗ ಎರಡೂ ನಮಗೆ ಗೊತ್ತು. ಭಾಷೆ ಮಾತ್ರ ಗೊತ್ತಿಲ್ಲ.


ಊರು ಸುತ್ತುವವಳು

ಹೋಗಿ ತೋರಿಸಲು ಆಗುವವರಿಗೆ ಒಂದು ಮಾತು. ನಾವು ಮಕ್ಕಳನ್ನು ಕರೆದುಕೊಂಡು ಕಚ್ಛ್‌ನ ಧೋಲಾವೀರಕ್ಕೆ ಹೋಗಿದ್ದೆವು. ಗುಜರಾತಿನಲ್ಲಿರುವ ಹರಪ್ಪ ಕಾಲದ ಊರು ಅದು. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ಚಳಿಗಾಲದಲ್ಲೇ ಹೋಗಿ, ಮಿಕ್ಕ ಕಾಲದಲ್ಲಿ ಬಿಸಿಲು ಮಕ್ಕಳಿಗೆ ತಡೆಯುವುದಿಲ್ಲ. ಅಲ್ಲಿ ಕಲ್ಲಿನ ಕೆಲಸ ಜಾಸ್ತಿ. ಮಳೆ ಕಡಿಮೆ ಇರುವ ಆ ನೆಲದಲ್ಲಿ ಹಳ್ಳದ ನೀರನ್ನು ತಿರುಗಿಸಿ ಊರ ಸುತ್ತ ದೊಡ್ಡ ದೊಡ್ಡ ಕೆರೆ ತುಂಬಿಸಿಕೊಂಡಿದ್ದರು. ನನ್ನ ಮಗ ಒಂದರ ಮೆಟ್ಟಿಲು ಮೇಲಿಂದ ನೋಡಿ ಇಲ್ಲಿ ಈಜಬಹುದಿತ್ತಾ ಅಂತ ಕೇಳಿದ. ಉತ್ತರ ದಿಕ್ಕಿನ ಬಾಗಿಲ ಹತ್ತಿರ ಹತ್ತು ದೊಡ್ಡ ಚಿಹ್ನೆಗಳ ಒಂದು ಫಲಕ ಸಿಕ್ಕಿತ್ತು. ಊರ ಬಾಗಿಲಿಗೆ ನೀನಾಗಿದ್ದರೆ ಏನು ಬರೆಯುತ್ತಿದ್ದೆ ಅಂತ ಅವನನ್ನು ಕೇಳಿದೆ. “ಕಾಲು ತೊಳ್ಕೊಂಡು ಬನ್ನಿ” ಅಂದ.

ಲೋಥಾಲ್‌ಗೂ ಹೋದೆವು. ಅದನ್ನು ಅಗೆದವರು ಎಸ್. ಆರ್. ರಾವ್, ನಮ್ಮ ಕನ್ನಡದವರು. ಅಲ್ಲಿ 200 ಮೀಟರಿಗೂ ಉದ್ದದ ಇಟ್ಟಿಗೆ ಕಟ್ಟೆಯ ಹೊಂಡ ಇದೆ. ಹಡಗುಕಟ್ಟೆ ಅಂತ ರಾವ್ ಹೇಳಿದರು. ಅಲ್ಲ, ನೀರಿನ ಕೆರೆ ಅಂತ ಬೇರೆಯವರು ವಾದಿಸಿದರು. ಎರಡೂ ಮಕ್ಕಳಿಗೆ ಒಂದೊಂದು ಪಕ್ಷ ಕೊಟ್ಟೆವು. ದಂಡೆಯ ಮೇಲೆ ಕೂತು ಅರ್ಧ ಗಂಟೆ ವಾದ ಮಾಡಿದರು. ದೊಡ್ಡವಳು ‘ಪಕ್ಕದಲ್ಲೇ ಉಗ್ರಾಣ ಇದೆ, ಸರಕು ಇಳಿಸಿರಬೇಕು’ ಅಂದಳು. ಚಿಕ್ಕವನು ‘ಹಡಗು ಒಳಗೆ ಬರೋ ದಾರಿ ಎಲ್ಲಿ, ತೋರಿಸು’ ಅಂದ. ಸುಮ್ನೆ ಕೇಳುತ್ತಾ ನಿಂತಿದ್ದೆವು.

ಗುಜರಾತಿಗೆ ಹೋಗಲು ಆಗದವರಿಗೆ ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ ಇದೆ. ಮೊಹೆಂಜೊದಾರೊದಲ್ಲಿ ಸಿಕ್ಕ, ಎಲ್ಲರೂ ‘ನರ್ತಕಿ’ ಅಂತ ಕರೆಯುವ ಹುಡುಗಿಯ ಕಂಚಿನ ಪ್ರತಿಮೆ ಇರುವುದು ಅಲ್ಲಿ. ಎತ್ತರ ಸುಮಾರು 10.5 ಸೆಂಟಿಮೀಟರ್, ಅಂಗೈ ಮೇಲೆ ನಿಲ್ಲುವಷ್ಟು. ಸೊಂಟದ ಮೇಲೆ ಒಂದು ಕೈ, ಇನ್ನೊಂದು ತೋಳಿನ ತುಂಬ ಬಳೆ. ಅವಳು ಕುಣಿಯುತ್ತಿದ್ದಾಳಾ ಅಂತ ಕೇಳಿದ್ದಕ್ಕೆ ನನ್ನ ಮಗಳು “ಇಲ್ಲ, ಯಾರನ್ನೋ ಕಾಯ್ತಿದ್ದಾಳೆ” ಅಂದಳು. ಮೇಷ್ಟ್ರ ನೋಟ್‌ಬುಕ್ಕಿಗೆ ಇದೂ ಸೇರಲಿ.


ಎಂಟು ವರ್ಷದವನ ಅಮ್ಮ

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದ್ದರಲ್ಲಿ ಹೆಚ್ಚಿನದನ್ನು ಮಾಡಿದೆವು. ಇಟ್ಟಿಗೆ ಗೋಡೆ ಇನ್ನೂ ಬಾಲ್ಕನಿಯಲ್ಲಿದೆ. 1850ರ ದಶಕದಲ್ಲಿ ಲಾಹೋರ್-ಮುಲ್ತಾನ್ ರೈಲು ಹಳಿ ಹಾಕುವಾಗ ಹರಪ್ಪದ ಇಟ್ಟಿಗೆಗಳನ್ನು ಕಿತ್ತು ಹಳಿ ಕೆಳಗೆ ಸುರಿದರು ಅಂತ ಓದಿ ಹೇಳಿದೆ. ಅವನು ಎದ್ದು ಹೋಗಿ ತನ್ನ ಗೋಡೆಗೆ ‘ಮುಟ್ಟಬಾರದು’ ಅಂತ ಚೀಟಿ ಅಂಟಿಸಿದ.

ಒಂದು ಹೊಸ ಆಟ ನಾವೇ ಕಂಡುಕೊಂಡೆವು, ಅದನ್ನು ಹೇಳಲೇಬೇಕು. ನಾವೂ ಅವನ ಗೆಳತಿಯ ಮನೆಯವರೂ ಒಂದು ವಾರ ಮನೆಯಲ್ಲಿ ಬಿಸಾಡುವ ಒಣ ವಸ್ತುಗಳನ್ನು ದಿನಕ್ಕೆ ಎರಡರಂತೆ ಒಂದು ಡಬ್ಬಿಗೆ ಹಾಕಿ, ಪ್ರತಿ ದಿನದ ಮೇಲೆ ಒಂದು ಪದರ ಮಣ್ಣು ಹರಡಿದೆವು. ಗಾಜು, ಚೂಪಾದದ್ದು ಹಾಕಲಿಲ್ಲ. ವಾರದ ಕೊನೆಗೆ ಡಬ್ಬಿ ಅದಲು ಬದಲು. ಅವರ ಡಬ್ಬಿಯನ್ನು ನಮ್ಮವನು ಬ್ರಷ್ ಹಿಡಿದು ಪದರ ಪದರವಾಗಿ ಅಗೆದ. ಕೆಳಗಿನದು ಹಳೆಯದು, ಮೇಲಿನದು ಹೊಸದು ಅಂತ ನಾನು ಹೇಳುವ ಮೊದಲೇ ಅವನಿಗೆ ತಿಳಿದಿತ್ತು.

ಮೂರನೇ ಪದರದಲ್ಲಿ ಒಂದು ಕಪ್ಪು ರಬ್ಬರ್ ಉಂಗುರ ಸಿಕ್ಕಿತು. ಎಡಗಡೆ ಬರೆದ: ರಬ್ಬರು, ದುಂಡಗಿದೆ, ಒಂದು ಕಡೆ ಸವೆದಿದೆ, ಎಣ್ಣೆ ವಾಸನೆ. ಬಲಗಡೆ ಬರೆದ: ಬಳೆ. ಸ್ವಲ್ಪ ಯೋಚಿಸಿ ಅದನ್ನು ಹೊಡೆದು ಹಾಕಿದ. ಬಳೆ ಒಂದೇ ಕಡೆ ಯಾಕೆ ಸವೆಯುತ್ತೆ ಅಂದ. ಆಮೇಲೆ ‘ಯಾವುದೋ ಯಂತ್ರದ್ದು’ ಅಂತ ಬರೆದ. ಗೆಳತಿಯ ಅಮ್ಮನಿಗೆ ಫೋನ್ ಮಾಡಿ ಕೇಳೋಣವಾ ಅಂದೆ. ಬೇಡ ಅಂದ.

“ಹರಪ್ಪದವರಿಗೆ ಫೋನ್ ಮಾಡೋಕಾಗಲ್ಲ ಅಲ್ವಾ ಅಮ್ಮಾ. ನಾನೇ ಇನ್ನೊಂದ್ಸಲ ನೋಡ್ತೀನಿ.”

ಉಂಗುರ ಈಗಲೂ ಅವನ ಮೇಜಿನ ಮೇಲಿದೆ. ದಿನಾ ಶಾಲೆಯಿಂದ ಬಂದು ಒಮ್ಮೆ ತಿರುಗಿಸಿ ನೋಡುತ್ತಾನೆ. ಹೋದ ಬುಧವಾರ ಎಡಗಡೆ ಸಾಲಿಗೆ ಇನ್ನೊಂದು ವಿಷಯ ಸೇರಿಸಿದ: ‘ಒಳಗಿನ ಅಂಚಿನಲ್ಲಿ ಬಿಳಿ ಪುಡಿ.’